ಸಂಜೆ ನಾಲ್ಕರ ಹಸಿವಿಗೆ ಮನೆಯ ತಿಂಡಿ



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಕೊಳೆರೋಗ, ಬೋರ್ಡೊ ದ್ರಾವಣ, ಕಾಂಡಕೊರಕ, ಸಾಲದ ಕಂತು ಇಂತಹ ವಿಷಯಗಳನ್ನು. ಈ ಸಲ ತಿಂಡಿಯ ಬಗ್ಗೆ ಬರೆಯುತ್ತಿದ್ದೇನೆ. ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಯಾರಾದರೂ ನಕ್ಕರೆ ನಗಲಿ. ಬೆಟ್ಟದ ಮೇಲಿನವರಿಗೆ ಕಾಫಿ ಕೊಯ್ಲು, ಕೆಳಗಿನ ನಮಗೆ ಅಡಿಕೆ ಕೊಯ್ಲು, ಅದು ಮುಗಿಯುವ ಹೊತ್ತಿಗೆ ಅರಿಶಿನ ಕೀಳುವುದು. ಈ ನಾಲ್ಕೈದು ತಿಂಗಳು ನಮ್ಮ ಮನೆಗಳಲ್ಲಿ ಹೊತ್ತಿಗೆ ಸರಿಯಾಗಿ ಒಲೆ ಹತ್ತುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು. ಮಕ್ಕಳು ಶಾಲೆಯಿಂದ ನಾಲ್ಕು ಗಂಟೆಗೆ ಬರುತ್ತಾರೆ. ರಾತ್ರಿಯ ಮುದ್ದೆ ಇಳಿಯುವುದು ಒಂಬತ್ತಕ್ಕೆ. ನಡುವಿನ ಈ ಐದು ಗಂಟೆಯ ಹೊಟ್ಟೆಯನ್ನು ಈಗ ತುಂಬುತ್ತಿರುವುದು ಊರ ಅಂಗಡಿಯ ಬಾಗಿಲಿಗೆ ತೋರಣದಂತೆ ನೇತು ಬಿದ್ದಿರುವ ಪೊಟ್ಟಣಗಳು.

ಇದನ್ನು ನಾನು ಕಲಿತದ್ದು ಪುಸ್ತಕ ಓದಿ ಅಲ್ಲ. ಎರಡು ವರ್ಷದ ಕೆಳಗೆ ನನ್ನ ಕಿರಿಯ ಮಗಳು, ಆಗ ಅವಳಿಗೆ ಹದಿನೈದು, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಬಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಗ್ರಾಂ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು 12ಕ್ಕೆ ಕಡಿಮೆ ಇರಬಾರದು. ವೈದ್ಯರು ಮಾತ್ರೆ ಬರೆಯುವುದಕ್ಕೆ ಮೊದಲು ಒಂದೇ ಪ್ರಶ್ನೆ ಕೇಳಿದರು: "ಸಂಜೆ ಏನು ತಿಂತೀಯಮ್ಮ?" ಹುಡುಗಿ ನನ್ನ ಮುಖ ನೋಡಿದಳು. ನಾನೇ ಉತ್ತರ ಕೊಟ್ಟೆ: ಅಂಗಡಿಯ ಒಂದು ಪೊಟ್ಟಣ, ಜೊತೆಗೆ ಮನೆಯ ಕಾಫಿ.

ಆ ಕಾಫಿಯ ಬಗ್ಗೆ ನನಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಅಡಿಕೆಯ ನಡುವೆ ಅಂತರ ಬೆಳೆಯಾಗಿ ಹಾಕಿದ ಗಿಡದ್ದು, ನಾನೇ ಹುರಿದದ್ದು, ಚಿಕೋರಿ ಒಂದು ಚಿಟಿಕೆಯೂ ಇಲ್ಲ. ದೊಡ್ಡ ಲೋಟದಲ್ಲಿ ನಾನೇ ಬಗ್ಗಿಸಿ ಮಗಳಿಗೆ ಕೊಡುತ್ತಿದ್ದೆ. ತಿಂಡಿಯ ಜೊತೆ, ಊಟದ ಬೆನ್ನಿಗೆ ಕುಡಿದ ಕಾಫಿ, ಟೀ ಎರಡೂ ಕಾಳು, ಸೊಪ್ಪು, ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ ಎಂದು ವೈದ್ಯರು ಹೇಳಿದಾಗ ಕಾಫಿ ಬೆಳೆಗಾರನಾದ ನನಗೆ ಹೇಗಾಗಿರಬೇಕೆಂದು ನೀವೇ ಊಹಿಸಿ. ಆಮೇಲೆ ಹುಡುಕಿ ಓದಿದೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಬಟ್ಟಲು ಕಾಫಿ ಕುಡಿದವರಲ್ಲಿ ಕಬ್ಬಿಣದ ಹೀರಿಕೆ ನೂರಕ್ಕೆ 39ರಷ್ಟು ಇಳಿದಿತ್ತು. ಟೀ ಕುಡಿದವರಲ್ಲಿ 64ರಷ್ಟು. ಊಟಕ್ಕೆ ಒಂದು ಗಂಟೆ ಮುಂಚೆ ಕಾಫಿ ಕುಡಿದವರಲ್ಲಿ ಇಳಿತವೇ ಇರಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದವರಲ್ಲಿ ಮಾತ್ರ ಜೊತೆಯಲ್ಲಿ ಕುಡಿದಷ್ಟೇ ನಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ ಊಟಕ್ಕೆ ಮುಂಚೆ ಮತ್ತು ನಂತರ ಕನಿಷ್ಠ ಒಂದೊಂದು ಗಂಟೆ ಕಾಫಿ, ಟೀ ಬೇಡವೆಂದು ಹೇಳಿದೆ. ಕಾಫಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ಬೆಟ್ಟದ ಸದಸ್ಯರು ನನ್ನನ್ನು ಕಾರ್ಯದರ್ಶಿ ಸ್ಥಾನದಲ್ಲಿ ಉಳಿಸಲಾರರು. ದೊಡ್ಡವರು ಮೂರೂವರೆಗೆ ಕಾಫಿ ಕುಡಿಯಲಿ, ನಾಲ್ಕೂವರೆ ದಾಟಿದ ಮೇಲೆ ತಿಂಡಿ ತಿನ್ನಲಿ. ಬೆಳೆಯುವ ಮಕ್ಕಳಿಗೆ ಆ ಹೊತ್ತಿನಲ್ಲಿ ಕಾಫಿಯೇ ಬೇಡ.

ಇದು ನನ್ನ ಮನೆಯೊಂದರ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನ ಕಾಟ ಬೇರೆ. ನನ್ನ ಮಗಳಿಗೂ ಕಬ್ಬಿಣದ ಮಾತ್ರೆಯ ಜೊತೆ ಹುಳದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳಿಗೆ ಅವಳ ರಕ್ತ 11.8ಕ್ಕೆ ಬಂತು. ಅದನ್ನು ಏರಿಸಿದ್ದು ಮಾತ್ರೆಯೇ, ತಿಂಡಿಯಲ್ಲ. ಆದರೆ ಮಾತ್ರೆ ನಿಲ್ಲಿಸಿದ ಮೇಲೂ ಅದು ಇಳಿಯದೆ ನಿಂತಿದೆಯಲ್ಲ, ಆ ಕೀರ್ತಿಯಲ್ಲಿ ಸ್ವಲ್ಪ ಭಾಗ ನಮ್ಮ ಅಡಿಗೆಮನೆಗೂ ಸೇರಬೇಕು.

ಆಸ್ಪತ್ರೆಯಿಂದ ಬಂದ ದಿನ ರಾತ್ರಿ ಅಂಗಡಿಯ ಬರಹದ ಪುಸ್ತಕ ತಂದು ಕೂಡಿಸಿದೆ. ಒಂದು ತಿಂಗಳಿಗೆ ಪೊಟ್ಟಣಗಳ ಬಾಬ್ತು 1,180 ರೂಪಾಯಿ. ಸಂಘದ ಜಮಾಖರ್ಚನ್ನು ಪೈಸೆ ತಪ್ಪದಂತೆ ಬರೆಯುವ ನಾನು ನನ್ನ ಮನೆಯ ಈ ಸೋರಿಕೆಯನ್ನು ಕಂಡಿರಲಿಲ್ಲ. ಆ ಪೊಟ್ಟಣಗಳಲ್ಲಿ ಇದ್ದುದಾದರೂ ಏನು? ಹುರಿದ ಕಡಲೆಕಾಯಿ ಬೀಜ, ಕಡಲೆಹಿಟ್ಟಿನ ಕಡ್ಡಿ, ಬಾಳೆಕಾಯಿ ಚಿಪ್ಸು. ನಮ್ಮ ಗುಂಡ್ಲುಪೇಟೆಯ ನೇಂದ್ರ ಬಾಳೆ ಲಾರಿ ಹತ್ತಿ ಮುತ್ತಂಗದ ದಾರಿಯಲ್ಲಿ ಕೇರಳಕ್ಕೆ ಹೋಗುವುದನ್ನು ದಿನವೂ ನೋಡುತ್ತೇವೆ. ಬಂಡೀಪುರದ ರಸ್ತೆಯಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಂತಾಗಿನಿಂದ ಒಂಬತ್ತರೊಳಗೆ ಗೇಟು ದಾಟಿಸಬೇಕೆಂದು ಗೊನೆ ಕಡಿಯುವಾಗ ನಮಗೆಲ್ಲ ಅವಸರವೋ ಅವಸರ. ಹೀಗೆ ಓಡೋಡಿ ಕಳಿಸಿದ ಕಾಯಿ ಚಿಪ್ಸಾಗಿ ಹತ್ತು ರೂಪಾಯಿಗೆ ಒಂದು ಹಿಡಿಯಂತೆ ವಾಪಸು ಬರುತ್ತದೆ. ನಮ್ಮವ್ವ ಇದನ್ನು ಒಂದೇ ಮಾತಿನಲ್ಲಿ ಹೇಳಿದಳು: "ಬೆಳದದ್ದ ಮಾರ್ಬುಟ್ಟು, ಮಾರುದ್ದ ತಿರ್ಗ ಕಾಸು ಕೊಟ್ಟು ತತ್ತೀಯಲ್ಲ ಮಗ."

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಸುಲಭವಾದದ್ದು, ಎಲ್ಲಕ್ಕಿಂತ ಒಳ್ಳೆಯದೂ ಹೌದು, ಗುಗ್ಗರಿ. ನಮ್ಮ ಹಿರಿಯರು ಮಳೆಗಾಲದ ಸಂಜೆಗೆ ಮಾಡುತ್ತಿದ್ದ ಅದೇ ಗುಗ್ಗರಿ. ಹುರುಳಿ, ತಡಗುಣಿ, ಕಡಲೆ, ಅವರೆ ಯಾವ ಕಾಳಾದರೂ ಆದೀತು. ಬೆಳಿಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಮಾರನೆಯ ಸಂಜೆಗೆ ಮೊಳಕೆ ಮೂಗು ಹಾಕಿರುತ್ತದೆ. ಚಳಿಗಾಲದಲ್ಲಿ ಇನ್ನೂ ಅರ್ಧ ದಿನ ಹೆಚ್ಚು ಬೇಕು. ಉಪ್ಪು ಹಾಕಿ ಬೇಯಿಸಿ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ನಮ್ಮ ಕಡೆಯ ಸಣ್ಣ ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿದರೆ ಮುಗಿಯಿತು. ನಿಂಬೆಹುಳಿಯನ್ನು ಮಾತ್ರ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಮೊಳಕೆ ಬರಿಸುವುದೂ ನಿಂಬೆ ಹಿಂಡುವುದೂ ರುಚಿಗೆ ಮಾತ್ರವಲ್ಲ. ಕಾಳಿನಲ್ಲಿರುವ ಕಬ್ಬಿಣ ಮೈಗೆ ಸೇರುವುದಕ್ಕೆ ಎರಡೂ ಸಹಾಯ ಮಾಡುತ್ತವೆ. ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕವಿದೆ. ದನಕ್ಕೆ ಬೇಯಿಸಿ ಹಾಕುವ ಕಾಳೆಂದು ಅದನ್ನು ಕೀಳಾಗಿ ಕಾಣುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಎತ್ತಿಗೆ ಬಲ ಬಂದದ್ದು ಎಲ್ಲಿಂದ ಎಂದು ಅವರು ಯೋಚಿಸಿದಂತಿಲ್ಲ.

ಹುರುಳಿ ಬೆಂದ ನೀರನ್ನು ಚೆಲ್ಲಬೇಡಿ. ಅದೇ ಕಟ್ಟು. ಅದಕ್ಕೆ ಒಂದಿಷ್ಟು ಬೆಂದ ಕಾಳನ್ನು ರುಬ್ಬಿ ಸೇರಿಸಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದರೆ ಜ್ವರ ಬಿಟ್ಟೆದ್ದವರಿಗೂ ಬಾಯಿ ರುಚಿ ಬರುವ ಸಾರು. ದೊಡ್ಡ ಹೋಟೆಲುಗಳಲ್ಲಿ ಊಟಕ್ಕೆ ಮುಂಚೆ ಹಸಿವು ಕೆರಳಲೆಂದು ಸೂಪು ಕೊಡುತ್ತಾರಲ್ಲ, ನಮಗೆ ಇದಕ್ಕಿಂತ ಬೇರೆ ಬೇಕಿಲ್ಲ. ಊಟಕ್ಕೆ ಸ್ವಲ್ಪ ಮುಂಚೆ ಒಂದು ಸಣ್ಣ ಲೋಟದಷ್ಟು ಕುಡಿದರೆ ಸಾಕು. ಬೇಸಗೆಯಲ್ಲಿ ಇದರ ಬದಲು ಹೆಸರುಬೇಳೆ, ಸೌತೆಕಾಯಿಯ ಕೋಸಂಬರಿ.

ಎರಡನೆಯದು ರಾಗಿ ಹುರಿಹಿಟ್ಟು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಇದನ್ನು ನಾನು ಕೆಡಿಸಿ ಕೆಡಿಸಿ ಕಲಿತಿದ್ದೇನೆ.

ಈ ಲೇಖನದ ವಿಚಾರ ಮೊದಲು ಮನೆಯಲ್ಲಿ ಎತ್ತಿದಾಗ ನಮ್ಮ ಮನೆಯವರು ಕೇಳಿದ್ದು ಒಂದೇ: "ಹೇಳೋದು ಸುಲಭ ಕಣ್ರೀ, ಹುರಿಯೋರು ಯಾರು?" ನ್ಯಾಯವಾದ ಪ್ರಶ್ನೆ. ಬೆಳಗಿನಿಂದ ಅಡಿಕೆ ಸುಲಿದು, ಆಳುಗಳಿಗೆ ಬುತ್ತಿ ಕಟ್ಟಿ, ಹಾಲು ಕರೆದು ಸೊಂಟ ಹಿಡಿದುಕೊಂಡವರಿಗೆ ಇನ್ನೊಂದು ಕೆಲಸ ಅಂಟಿಸಿ, ಮನೆ ತಿಂಡಿ ಶ್ರೇಷ್ಠವೆಂದು ಗಂಡಸರು ಭಾಷಣ ಮಾಡಿದರೆ ಆ ತಿಂಡಿ ಎರಡು ವಾರಕ್ಕಿಂತ ಹೆಚ್ಚು ನಡೆಯದು. ಪೊಟ್ಟಣ ನಮ್ಮ ಮನೆಗಳಿಗೆ ಬಂದದ್ದು ಹೆಂಗಸರ ಸೋಮಾರಿತನದಿಂದಲ್ಲ, ಅವರ ಬಿಡುವಿಲ್ಲದ ಬಾಳಿನಿಂದ. ಆದುದರಿಂದ ವಾರಕ್ಕೊಂದು ಮಧ್ಯಾಹ್ನ, ಸಂಘಕ್ಕೆ ರಜವಿರುವ ಭಾನುವಾರ, ಹುರಿಯುವುದು, ಪುಡಿ ಮಾಡುವುದು, ಉಂಡೆ ಕಟ್ಟುವುದು ನನ್ನ ಕೆಲಸವೆಂದು ಒಪ್ಪಿಕೊಂಡೆ. ಪದವಿ ಪಡೆದವನಿಗೆ ರಾಗಿ ಹುರಿಯಲು ಬಾರದೇ ಎಂಬ ಧೈರ್ಯ.

ಬರಲಿಲ್ಲ. ರಾಗಿಯನ್ನು ತೊಳೆದು, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ನೆರಳಿನಲ್ಲಿ ಹರವಿ ಮೇಲ್ಮೈ ಒಣಗುವಷ್ಟು ಆರಿಸಬೇಕು. ಕಾಳು ಕೈಗೆ ಅಂಟಬಾರದು, ಆದರೆ ಒಳಗೆ ಪಸೆ ಇರಬೇಕು. ನಾನು ಮೊದಲ ಸಲ ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿದೆ. ಒಂದು ಕಾಳೂ ಅರಳಲಿಲ್ಲ, ಎಲ್ಲ ಕರಿದು ಕಹಿಯಾಯಿತು. ಎರಡನೆಯ ಸಲ ಹಸಿಯಾಗಿಯೇ ಸುರಿದೆ. ಹೊಗೆಯಾಡಿ ಮುದ್ದೆ ಕಟ್ಟಿತು. ಮೂರನೆಯ ಸಲ ಅವ್ವ ಬಂದು ಪಕ್ಕದಲ್ಲಿ ಕುಳಿತಳು. ದಪ್ಪ ಕಬ್ಬಿಣದ ಬಾಣಲೆ, ಅದರಲ್ಲಿ ತೊಳೆದು ಒಣಗಿಸಿದ ಮರಳು ಚೆನ್ನಾಗಿ ಕಾಯಬೇಕು. ಒಂದು ಸಲಕ್ಕೆ ಒಂದು ಹಿಡಿ ರಾಗಿ, ಹೆಚ್ಚಲ್ಲ. ಬಟ್ಟೆ ಸುತ್ತಿದ ಕಡ್ಡಿಯಿಂದ ಬಿಡದೆ ಆಡಿಸಬೇಕು. ಚಟಪಟ ಎಂದು ಅರಳಿ ಬೆಳ್ಳಗಾದ ತಕ್ಷಣ ಜರಡಿಗೆ. ಮರಳು ಕೆಳಗೆ, ಅರಳು ಮೇಲೆ. ಆರಿದ ಮೇಲೆ ಇನ್ನೊಮ್ಮೆ ಜರಡಿಯಾಡಿ ಗಿರಣಿಗೆ ಕೊಟ್ಟರೆ ಘಮಘಮಿಸುವ ಹಿಟ್ಟು. ಮರಳಿನ ರಗಳೆ ಬೇಡವೆನ್ನುವವರು ಬರಿ ಬಾಣಲೆಯಲ್ಲೇ ಹುರಿಯಬಹುದು. ಅರಳುವುದು ಸ್ವಲ್ಪ ಕಡಿಮೆ, ಅಷ್ಟೆ.

ಈ ಹಿಟ್ಟನ್ನು ಮಜ್ಜಿಗೆ, ಉಪ್ಪು ಹಾಕಿ ಕಲಸಿದರೆ ಒಂದು ನಿಮಿಷದ ತಿಂಡಿ. ಉಂಡೆ ಬೇಕಾದರೆ ಎರಡು ಪಾವು ಹಿಟ್ಟಿಗೆ ಅರ್ಧ ಪಾವು ಹುರಿದ ಕಡಲೆಕಾಯಿ ಬೀಜದ ತರಿ, ಒಂದು ಹಿಡಿ ಹುರಿದ ಎಳ್ಳು, ಏಲಕ್ಕಿ. ಮುಕ್ಕಾಲು ಪಾವು ಬೆಲ್ಲಕ್ಕೆ ಕಾಲು ಪಾವು ನೀರು ಹಾಕಿ ಕರಗಿಸಿ, ಸೋಸಿ, ಒಂದು ಕುದಿ ಬಂದೊಡನೆ ಇಳಿಸಿ ಹಿಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ಸುರಿದು, ತುಪ್ಪ ಸವರಿದ ಕೈಯಲ್ಲಿ ಬಿಸಿ ಇರುವಾಗಲೇ ಕಟ್ಟಬೇಕು. ಪಾಕ ಏರಿಸಬಾರದು. ನಾನು ಒಮ್ಮೆ ಫೋನಿನಲ್ಲಿ ಮಾತಾಡುತ್ತಾ ಏರಿಸಿಬಿಟ್ಟೆ. ಆ ವಾರದ ಉಂಡೆಯಿಂದ ತೆಂಗಿನಕಾಯಿ ಒಡೆಯಬಹುದಿತ್ತು. ಕೊಬ್ಬರಿ ತುರಿ ಹಾಕಿದರೆ ಡಬ್ಬಿಯಲ್ಲಿ ವಾರವಿಡೀ ಇರುತ್ತದೆ, ಹಸಿ ಕಾಯಿತುರಿ ಹಾಕಿದರೆ ಅಂದೇ ಖರ್ಚು ಮಾಡಬೇಕು.

ರಾಗಿಯಲ್ಲಿ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ನೆರೆಯ ಮೈಸೂರಿನಲ್ಲಿ, ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು 1980ರ ದಶಕದಲ್ಲಿ ಮೊಳಕೆ ಬರಿಸಿದ ರಾಗಿ, ಹೆಸರುಕಾಳುಗಳಿಂದ ಎಳೆಮಕ್ಕಳ ಆಹಾರ ರೂಪಿಸಿದ್ದರು. ಮೊಳಕೆ ರಾಗಿಯ ಅಂಬಲಿ ಗಟ್ಟಿಯಾಗದೆ ತೆಳ್ಳಗಿರುವುದರಿಂದ ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಹಿಟ್ಟು ಸೇರುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ಅವರ ಹತ್ತಿರ ಪ್ರಯೋಗಾಲಯವಿರಲಿಲ್ಲ.

ಇಲ್ಲಿ ಬೆಲ್ಲದ ಬಗ್ಗೆ ಒಂದು ಮಾತು. ಬೆಲ್ಲ ಔಷಧಿ, ಎಷ್ಟು ತಿಂದರೂ ದೋಷವಿಲ್ಲ ಎಂದು ಹೇಳುವವರಿದ್ದಾರೆ. ಮಧುಮೇಹ ಇರುವವರಿಗೆ ಬೆಲ್ಲವೂ ಸಕ್ಕರೆಯೇ. ಕೊಳ್ಳುವಾಗ ಬೆಳ್ಳಗೆ ಹೊಳೆಯುವ ಅಚ್ಚಿಗೆ ಮನಸೋಲದೆ ಕಂದುಬಣ್ಣದ್ದನ್ನು ಆರಿಸಿ. ಬಿಳುಪಿಗಾಗಿ ಬೆರೆಸುವ ರಾಸಾಯನಿಕ ನಮಗೆ ಬೇಡ. ಕಡಲೆಕಾಯಿಯಲ್ಲಿ ಬೂಷ್ಟು ಹಿಡಿದ, ಸುಕ್ಕಿದ, ಬಣ್ಣ ಕೆಟ್ಟ ಬೀಜವನ್ನು ಕೂತು ಆರಿಸಿ ಎಸೆಯಬೇಕು. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಮಾರುವ ಚೀಲಕ್ಕೆ ಒಳ್ಳೆಯದನ್ನು ತುಂಬಿ, ಜೊಳ್ಳನ್ನು ಮನೆಗೆ ಇಟ್ಟುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ತಿರುಗಿ ಹೊಡೆಯುತ್ತದೆ. ತೀರ ಚಿಕ್ಕ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ಕರಿದ ತಿಂಡಿ ಪೂರ್ತಿ ಬೇಡವೆನ್ನುವಷ್ಟು ಕಟ್ಟುನಿಟ್ಟು ನನಗಿಲ್ಲ. ಮಳೆ ಹಿಡಿದ ಸಂಜೆ ನಿಪ್ಪಟ್ಟು, ಕೋಡುಬಳೆ ಇಲ್ಲದಿದ್ದರೆ ಅದೆಂಥ ಮಳೆ? ನೇಂದ್ರದ ಗೊನೆ ಕಡಿದ ದಿನ ಚೆನ್ನಾಗಿ ಬಲಿತ ಎರಡು ಹಸಿ ಕಾಯಿ ತೆಗೆದಿರಿಸಿ. ಸಿಪ್ಪೆ ಬಿಡಿಸಿ, ಅರಿಶಿನದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಒರೆಸಿ, ತೆಳ್ಳಗೆ ಬಿಲ್ಲೆ ಕೊಯ್ದು ಎಣ್ಣೆಗೆ ಬಿಡಿ. ಎಣ್ಣೆಯ ಸದ್ದು ಅಡಗಿದಾಗ ಗರಿಗರಿಯಾಗಿದೆಯೆಂದು ಅರ್ಥ. ಉಪ್ಪುನೀರನ್ನು ಕಾದ ಎಣ್ಣೆಗೇ ಚಿಮುಕಿಸುವ ಕೇರಳದ ಕ್ರಮ ಅಭ್ಯಾಸವಿಲ್ಲದವರಿಗೆ ಅಪಾಯ. ಇಳಿಸಿದ ಮೇಲೆ ಪುಡಿ ಉಪ್ಪು ಉದುರಿಸಿದರೆ ಸಾಕು. ಕರಿದು ಉಳಿದ ಎಣ್ಣೆಯನ್ನು ಸೋಸಿ ಒಂದೆರಡು ದಿನದಲ್ಲಿ ಒಗ್ಗರಣೆಗೆ ಬಳಸಿ ಮುಗಿಸಿ, ಮತ್ತೆ ಮತ್ತೆ ಅದರಲ್ಲೇ ಕರಿಯಬೇಡಿ. ಹೋಟೆಲಿನವರಿಗೂ ಕೆಟ್ಟ ಎಣ್ಣೆಗೆ ಮಿತಿ ಹಾಕಿ 2018ರಲ್ಲಿ ಕಾನೂನು ಬಂದಿದೆ. ನಮ್ಮ ಮನೆಯ ಬಾಣಲೆಯನ್ನು ನೋಡಲು ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ.

ಇನ್ನು, ಬಾಯಾಡಿಸುವ ವಿಷಯ. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಲು ಎರಡು ಸಲ ಯೋಚಿಸಿದೆ. ಶಾಲೆಯ ಹತ್ತಿರದ ಅಂಗಡಿಗಳಲ್ಲಿ ಬಣ್ಣದ ಕಾಗದದಲ್ಲಿ ಸಿಹಿ ಅಡಿಕೆ ಮಾರುತ್ತಾರೆ, ಮಕ್ಕಳು ಮಿಠಾಯಿಯಂತೆ ತಿನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದರ ಬಗ್ಗೆ ಬೆಳೆಗಾರರಲ್ಲಿ ತಕರಾರಿದೆ, ಆ ವಾದ ಬೇರೆ ಕಡೆ ನಡೆಯಲಿ. ಮಗುವಿನ ಬಾಯಿಗೆ ಅಡಿಕೆ ಬೇಡವೆಂಬುದಕ್ಕೆ ನಮ್ಮಲ್ಲಿ ಎರಡು ಮಾತು ಇರಬಾರದು. ಅದರ ಜಾಗಕ್ಕೆ ನೆಲ್ಲಿ ಅಡಿಕೆ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತಂದು ತಮ್ಮ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರುತ್ತಾ ಬಂದ ಬೆಟ್ಟದ ನೆಲ್ಲಿ ಇದಕ್ಕೆ ಶ್ರೇಷ್ಠ. ಕಾಯಿಯನ್ನು ಹೋಳು ಮಾಡಿ, ಉಪ್ಪು, ಶುಂಠಿ ರಸ, ಓಮ ಸೇರಿಸಿ ಒಂದು ರಾತ್ರಿ ಇಟ್ಟು, ನಾಲ್ಕೈದು ಬಿಸಿಲು ಒಣಗಿಸಿದರೆ ವರ್ಷವಿಡೀ ಇರುತ್ತದೆ. ಊಟಕ್ಕೆ ಮುಂಚೆ ಎರಡು ಹೋಳು ಬಾಯಿಗೆ ಹಾಕಿಕೊಂಡರೆ ಹಸಿವು ತಾನಾಗಿ ಬರುತ್ತದೆ. ಕಾಯಿಯ ಕಾಲವೂ ನಮ್ಮ ಕೊಯ್ಲಿನ ಕಾಲವೇ. ಅಡಿಕೆ ಹರವಿದ ಅಂಗಳದ ಮೂಲೆಯಲ್ಲಿ ಒಂದು ಮೊರದಷ್ಟು ಜಾಗ ಸಾಕು. ಗೊಬ್ಬರದ ಚೀಲ, ಮೈಲುತುತ್ತ ಕಲಸಿದ ತಟ್ಟು, ಔಷಧಿ ಹೊಡೆಯುವಾಗ ಹಾಸಿದ್ದ ಟಾರ್ಪಾಲು ಇವುಗಳ ಮೇಲೆ ಮಾತ್ರ ತಿನ್ನುವ ಯಾವ ವಸ್ತುವನ್ನೂ ಒಣಹಾಕಬೇಡಿ. ಎಷ್ಟು ತೊಳೆದಿದ್ದರೂ ಬೇಡ.

ನನ್ನ ಮಗಳು ಈಗ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಬಂದು ಹೋಗುವಾಗ ಹುರಿಹಿಟ್ಟಿನ ಡಬ್ಬಿ, ಹುಚ್ಚೆಳ್ಳಿನ ಚಟ್ನಿಪುಡಿ ಒಯ್ಯುತ್ತಾಳೆ. ಪೊಟ್ಟಣ ತಿನ್ನುವುದನ್ನು ಪೂರ್ತಿ ಬಿಟ್ಟಿದ್ದಾಳೆಂದು ನಾನು ಪ್ರಮಾಣ ಮಾಡಲಾರೆ. "ಅಪ್ಪ, ಈ ಸಲದ್ದು ಸ್ವಲ್ಪ ಸೀದಿದೆ" ಎಂದು ಕಳೆದ ವಾರ ಫೋನು ಮಾಡಿದ್ದಳು. ಡಬ್ಬಿ ಖಾಲಿಯಾಗಿದೆಯೆಂದೂ ಹೇಳಿದಳು.

ಬರುವ ಮಹಾಸಭೆಯಲ್ಲಿ ಸದಸ್ಯರಿಗೆ ಬೇಕರಿಯ ಪೊಟ್ಟಣದ ಬದಲು ತಡಗುಣಿ ಗುಗ್ಗರಿ, ಹುರಿಹಿಟ್ಟಿನ ಉಂಡೆ ಕೊಡಬೇಕೆಂದು ಆಡಳಿತ ಮಂಡಳಿ ಒಪ್ಪಿದೆ. ಸಭೆ ಮೂರು ಗಂಟೆಗೆ. ಕಾಫಿ ಬಂದ ಕೂಡಲೇ, ತಿಂಡಿ ನಾಲ್ಕೂವರೆಗೆ, ಲೆಕ್ಕಪತ್ರ ಮಂಜೂರಾದ ಮೇಲೆ. ಕಾಳು, ಕಡಲೆಕಾಯಿ ಕೊಡಲಿಚ್ಛಿಸುವ ಸದಸ್ಯರು ಹಿಂದಿನ ಗುರುವಾರದೊಳಗೆ ಕಚೇರಿಗೆ ತಲುಪಿಸಿ ರಸೀತಿ ಪಡೆಯಬೇಕು. ಕಾಳನ್ನು ಆರಿಸಿ, ಬಟ್ಟೆಯ ಚೀಲದಲ್ಲಿ ತನ್ನಿ. ರಾಗಿ ಹುರಿಯಲು ಶನಿವಾರ ಮಧ್ಯಾಹ್ನ ಆರು ಜನ ಬೇಕಾಗಿದ್ದಾರೆ. ಗಂಡಸರೇ ಬಂದರೆ ಸಂತೋಷ. ಬಾಣಲೆ, ಮರಳು ಸಂಘದ್ದು.